ಅಪ್ಪ ಹೇಳುವ ‘ಮೆಕ್ಸಿಕೊ ಸಂಘ’ದಲ್ಲಿ ನನ್ನ ಇಪ್ಪತ್ತು ವರ್ಷ

ತುಮಕೂರಿನಿಂದ ಫೋನ್ ಮಾಡಿದಾಗಲೆಲ್ಲ ಅಪ್ಪ ಕೇಳುತ್ತಾರೆ: “ಏನೋ, ಆ ಮೆಕ್ಸಿಕೊ ಸಂಘಕ್ಕೆ ಇನ್ನೂ ಚಂದಾ ಕಟ್ತೀಯೇನೋ?” ಹೂಂ ಅಂತೀನಿ. “ಕಾಲೇಜು ಮುಗಿದು ಯಾವ ಕಾಲ ಆಯ್ತು!” ಅಂತ ನಗುತ್ತಾರೆ.

ಮೆಕ್ಸಿಕೊ ಸಂಘ ಅನ್ನುವುದು ಪೂರ್ತಿ ಸರಿಯಲ್ಲ. ನಾನಿರುವುದು ಸಿಗ್ಮಾ ಲ್ಯಾಂಬ್ಡಾ ಬೀಟಾ ಎಂಬ ಫ್ರಾಟರ್ನಿಟಿಯಲ್ಲಿ, ಅಂದರೆ ಕಾಲೇಜು ಹುಡುಗರು ಅಣ್ಣತಮ್ಮಂದಿರ ಹಾಗೆ ಕಟ್ಟಿಕೊಳ್ಳುವ ಸಂಘದಲ್ಲಿ. 1986ರ ಏಪ್ರಿಲ್ 4ರಂದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಸುತ್ತ ಮೆಕ್ಕೆಜೋಳದ ಹೊಲ, ಕ್ಲಾಸಿನ ತುಂಬ ಬಿಳಿಯರು. ಅಂಥ ಕಡೆ ಓದಲು ಬಂದ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಹುಡುಗರು ಕಟ್ಟಿಕೊಂಡ ಗುಂಪು ಅದು. ಬೇರು ಲ್ಯಾಟಿನೋ ಆದರೂ ಬೇರೆಯವರಿಗೆ ಬಾಗಿಲು ಹಾಕಿಲ್ಲ. 2005ರಲ್ಲಿ ಇಲಿನಾಯ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಾನೂ ಹಾಗೇ ಒಳಗೆ ಹೋದೆ. ರೂಮ್‌ಮೇಟ್ ಕರೆದ, ಹೋದೆ, ಊಟ ಚೆನ್ನಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ.

ಫ್ರಾಟರ್ನಿಟಿ ಅಂದರೆ ಬಂಗಲೆ, ಬಿಯರ್, ರ‍್ಯಾಗಿಂಗ್ ಅಂತ ಸಿನಿಮಾ ನೋಡಿದವರು ಅಂದುಕೊಂಡಿರುತ್ತಾರೆ. ನಮಗೆ ಬಂಗಲೆ ಇರಲಿಲ್ಲ. ಹನ್ನೊಂದು ಜನ, ಲೈಬ್ರರಿಯ ಒಂದು ರೂಮು. ಒಬ್ಬರನ್ನೊಬ್ಬರು ‘ಎರ್ಮಾನೊ’ ಅಂತ ಕರೆಯುತ್ತಿದ್ದೆವು. ಸ್ಪ್ಯಾನಿಷ್‌ನಲ್ಲಿ ಅಣ್ಣನಿಗೂ ಅದೇ, ತಮ್ಮನಿಗೂ ಅದೇ. ಕನ್ನಡದವರಿಗೆ ಇದು ಕಷ್ಟ ಅಲ್ವಾ? ದೊಡ್ಡವನಾ ಚಿಕ್ಕವನಾ ಅಂತ ಗೊತ್ತಾಗದೆ ನಮಗೆ ಬಾಯೇ ಬರಲ್ಲ.

2008ರಲ್ಲಿ ಡಿಗ್ರಿ ಬಂತು. ಮುಂದಿನ ಜನವರಿಗೆ ಕೆಲಸ ಹೋಯಿತು. ಆಗ ನಾನು ವಿದ್ಯಾರ್ಥಿ ವೀಸಾದ ಮೇಲೆ ಓಪಿಟಿಯಲ್ಲಿದ್ದೆ, ಅಂದರೆ ಓದು ಮುಗಿದ ಮೇಲೆ ಸ್ವಲ್ಪ ಕಾಲ ಕೆಲಸ ಮಾಡಲು ಸಿಗುವ ಅನುಮತಿಯಲ್ಲಿ. ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವಂತಿಲ್ಲ, ಇದ್ದರೆ ಗಂಟುಮೂಟೆ ಕಟ್ಟಬೇಕು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಾ ಕೂತಿದ್ದೆ. ನನಗಿಂತ ಎಂಟು ವರ್ಷ ಮೊದಲು ಸೇರಿದ್ದ ಒಬ್ಬ ಎರ್ಮಾನೊ ಅಯೋವಾದ ಡಿಮೋಯ್ನ್ ಊರಿನ ಇನ್ಶೂರೆನ್ಸ್ ಕಂಪನಿಯೊಂದರಲ್ಲಿದ್ದ. ಅವನನ್ನು ನೋಡಿದ್ದೇ ಒಂದು ಸಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, “ನಿನ್ನ ರೆಸ್ಯೂಮೆಯ ಎರಡನೇ ಸಾಲು ಬಡಾಯಿ ಥರ ಕಾಣುತ್ತೆ, ತೆಗಿ” ಅಂದ. ತೆಗೆದೆ. 71ನೇ ದಿನ ಅಲ್ಲೇ ಕೆಲಸ ಸಿಕ್ಕಿತು.

ಆಮೇಲೆ ನಾನು ಮಾಡಿದ್ದೇನು? ಐದು ವರ್ಷ ನಾಪತ್ತೆ. ಚಂದಾ ಕಟ್ಟಲಿಲ್ಲ, ಮೇಲ್ ತೆರೆಯಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತೆ, ಆದರೆ ಕಾಲೇಜು ಬಿಟ್ಟ ಜಾಸ್ತಿ ಜನ ಮಾಡುವುದೂ ಇದನ್ನೇ.

2014ರಲ್ಲಿ ಶಿಕಾಗೊಗೆ ಬಂದೆ. ಪಿಲ್ಸನ್ ಬಡಾವಣೆಯಲ್ಲಿ ಮೆಕ್ಸಿಕನ್ ಕಲೆಯ ರಾಷ್ಟ್ರೀಯ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಅಕ್ಟೋಬರಿನಲ್ಲಿ ಅಲ್ಲಿ ಸತ್ತವರ ಹಬ್ಬದ ಪ್ರದರ್ಶನ ನಡೆಯುತ್ತಿತ್ತು. ಪಟದ ಮುಂದೆ ಚೆಂಡುಹೂವು, ಬ್ರೆಡ್ಡು, ಹೋದವರಿಗೆ ಇಷ್ಟವಾಗಿದ್ದ ತಿಂಡಿ. ನಮ್ಮ ಮಹಾಲಯ ಅಮಾವಾಸ್ಯೆಯ ಎಡೆಯೇ. ಅದನ್ನೇ ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಹಳೇ ರೂಮ್‌ಮೇಟ್ ಹೆಗಲ ಮೇಲೆ ಕೈ ಹಾಕಿ, “ನೀನಿನ್ನೂ ಬದುಕಿದ್ದೀಯಾ?” ಅಂದ.

ಮತ್ತೆ ಸೇರಿದ ಹುರುಪಿನಲ್ಲಿ ಇಲ್ಲಿನ ಹಳೆ ವಿದ್ಯಾರ್ಥಿಗಳ ಗುಂಪಿಗೆ ಖಜಾಂಚಿಯಾದೆ. ನಾಲ್ಕೇ ತಿಂಗಳು. ಲೆಕ್ಕ ಎಕ್ಕುಟ್ಟಿ ಹೋಯಿತು. ಆಫೀಸಿನ ಕೆಲಸ ಮುಗಿಸಿ ರಾತ್ರಿ ರಸೀದಿ ಹುಡುಕುತ್ತಾ ಕೂರುವ ಜಾಯಮಾನ ನನ್ನದಲ್ಲ. ಇನ್ನೊಬ್ಬರಿಗೆ ವಹಿಸಿ ಒಂದು ಚಿಕ್ಕ ಕೆಲಸ ಕೇಳಿ ಪಡೆದೆ: ತಿಂಗಳಿಗೊಂದು ಶನಿವಾರ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಹೈಸ್ಕೂಲು ಮಕ್ಕಳಿಗೆ ಕಾಲೇಜು ಅರ್ಜಿ ತುಂಬಿಸುವುದು. ನಾನು ಉಳಿದುಕೊಂಡಿದ್ದು ಇದರಿಂದಲೇ. ಹುದ್ದೆಯಾದರೆ ನುಣುಚಿಕೊಳ್ಳಬಹುದು. ಹತ್ತು ಗಂಟೆಗೆ ಯಾರೋ ಬಂದು ಬಾಗಿಲಲ್ಲಿ ಕಾಯುತ್ತಿರುತ್ತಾರೆ ಅಂದರೆ ನುಣುಚಿಕೊಳ್ಳಲು ಆಗಲ್ಲ. ಇಲ್ಲಿನ ಕನ್ನಡ ಕೂಟದಲ್ಲೂ ನೋಡಿದ್ದೇನೆ, ಅಧ್ಯಕ್ಷರು ಬದಲಾಗುತ್ತಿರುತ್ತಾರೆ, ಕುರ್ಚಿ ಜೋಡಿಸುವವರು ಮಾತ್ರ ಅವರೇ.

ಮೊದಲ ಚಳಿಗಾಲ, 2015ರ ಜನವರಿ. ಹದಿನೇಳರ ಹುಡುಗ ಅಪ್ಪನನ್ನು ಕರೆದುಕೊಂಡು ಬಂದ. ಕಾಲೇಜು ಖರ್ಚಿಗೆ ಸರ್ಕಾರದ ನೆರವು ಕೇಳುವ ಫ್ಯಾಫ್ಸಾ ಅರ್ಜಿ ತುಂಬಬೇಕಿತ್ತು. ಹುಡುಗ ಹುಟ್ಟಿದ್ದು ಶಿಕಾಗೊದಲ್ಲೇ, ಅವನಿಗೆ ತೊಂದರೆ ಇಲ್ಲ. ಅಪ್ಪನಿಗೆ ಈ ದೇಶದಲ್ಲಿರಲು ಕಾಗದಪತ್ರ ಇಲ್ಲ, ಹಾಗಾಗಿ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲ. ಆಗ ಅಂಥವರು ಆ ಜಾಗದಲ್ಲಿ ಒಂಬತ್ತು ಸೊನ್ನೆ ಒತ್ತಬೇಕಿತ್ತು. ಒತ್ತಿದೆ. ಗಾರೆ ಕೆಲಸದ ಒರಟು ಕೈ ಮೇಜಿನ ಮೇಲಿತ್ತು, ಕಣ್ಣು ಪರದೆಯ ಮೇಲೆ. ಮಗನ ಮೂಲಕ ಕೇಳಿದ: “ಇದು ಸುಳ್ಳು ಹೇಳಿದ ಹಾಗೆ ಆಗಲ್ವಾ?” ಇಲ್ಲ, ನಿಯಮವೇ ಹೀಗಿದೆ ಅಂದೆ. ಸಹಿ ಹಾಳೆಯನ್ನು ಪ್ರಿಂಟ್ ತೆಗೆದು ಕೊಟ್ಟೆ, ಅಂಚೆಯಲ್ಲೇ ಕಳಿಸಬೇಕಿತ್ತು. ಅವನು ಟೋಪಿ ತೆಗೆದು ಪಕ್ಕಕ್ಕಿಟ್ಟು ನಿಧಾನವಾಗಿ ಸಹಿ ಹಾಕಿದ.

ಮುಂದಿನ ವರ್ಷ ಫೆಬ್ರವರಿಯಲ್ಲಿ ನಮಗೆ ಮಗಳು ಹುಟ್ಟಿದಳು. ಅಮ್ಮನ ವೀಸಾ ಸಮಯಕ್ಕೆ ಬರಲಿಲ್ಲ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಏನೂ ಗೊತ್ತಿಲ್ಲದ ನಾವಿಬ್ಬರು. ರೂಮ್‌ಮೇಟ್‌ನ ತಾಯಿ ಯಾರೂ ಕರೆಯದೆ ಬಂದರು. ಬಂದವರೇ ನನ್ನ ಹೆಂಡತಿಯ ಕಾಲು ನೋಡಿ ಬೈದರು, ಸಾಕ್ಸ್ ಎಲ್ಲಿ ಅಂತ. ಆಗಲೇ ಗೊತ್ತಾಗಿದ್ದು, ಅವರಲ್ಲೂ ಬಾಣಂತನ ಇದೆ. ‘ಕ್ವಾರೆಂತೇನಾ’ ಅಂತಾರೆ. ನಲವತ್ತು ದಿನ. ಥಂಡಿ ಗಾಳಿ ಸೋಕಬಾರದು, ತಣ್ಣಗಿನದ್ದು ಕುಡಿಯಬಾರದು, ಭಾರ ಎತ್ತಬಾರದು. ಕೋಳಿ ಸಾರು ಮಾಡಲು ಹೊರಟಿದ್ದರು. ಇವಳು ತಿನ್ನಲ್ಲ ಅಂದಾಗ ಒಂದು ನಿಮಿಷ ಮುಖ ಸಣ್ಣಗಾಯಿತು. ಆಮೇಲೆ ಮೆಕ್ಕೆಜೋಳದ ಹಿಟ್ಟು, ಹಾಲು, ಚಕ್ಕೆ, ಬೆಲ್ಲ ಹಾಕಿ ‘ಆತೋಲೆ’ ಕಾಯಿಸಿದರು. ಹಾಲು ಚೆನ್ನಾಗಿ ಬರುತ್ತೆ ಅಂತ ಬಾಣಂತಿಗೆ ಕೊಡುತ್ತಾರಂತೆ. ಕುಡಿದು ನೋಡಿದರೆ ಸಾಕ್ಷಾತ್ ಗಂಜಿ, ರಾಗಿ ಒಂದಿಲ್ಲ. ವಿಡಿಯೊ ಕಾಲ್‌ನಲ್ಲಿ ಅಮ್ಮ ತುಮಕೂರಿನಿಂದ ಕನ್ನಡದಲ್ಲಿ, ಇವರು ಇಲ್ಲಿಂದ ಸ್ಪ್ಯಾನಿಷ್‌ನಲ್ಲಿ ಅರ್ಧ ಗಂಟೆ ಮಾತಾಡಿದರು. ಮಗುವಿಗೆ ಟೋಪಿ ಹಾಕಿಲ್ಲ ಅನ್ನುವುದರಲ್ಲಿ ಇಬ್ಬರಿಗೂ ಒಮ್ಮತ. ಒಂಬತ್ತು ದಿನ ಬಸ್ಸಿನಲ್ಲಿ ಬಂದು ಹೋದರು.

ಎಲ್ಲವೂ ಹೀಗೇ ಇರಲ್ಲ. ವಾಟ್ಸಾಪ್ ಗುಂಪು ಹುಟ್ಟುಹಬ್ಬದ ಶುಭಾಶಯದಲ್ಲೇ ಮುಳುಗಿರುತ್ತೆ, ನಾನು ಮ್ಯೂಟ್ ಮಾಡಿದ್ದೇನೆ. ಹಳೇ ಜಗಳ ಮರೆಯದ ಇಬ್ಬರನ್ನು ಒಂದೇ ಮೇಜಿಗೆ ಕೂರಿಸುವಂತಿಲ್ಲ. ಕೆಲಸ ಬೇಕಾದಾಗ ಮಾತ್ರ ‘ಎರ್ಮಾನೊ’ ಅಂತ ಬರುವವರೂ ಇದ್ದಾರೆ. ಅವರ ಮೇಲೆ ನನಗೆ ಕೋಪ ಬರಲ್ಲ, ನಾನೂ ಹಾಗೇ ಇದ್ದೆ.

ಅಪ್ಪನ ಜೊತೆ ಅರ್ಜಿ ತುಂಬಲು ಬಂದಿದ್ದ ಆ ಹುಡುಗ ಈಗ ಅಕೌಂಟೆಂಟ್. ಕಾಲೇಜಿಗೆ ಹೋಗಿ ನಮ್ಮದನ್ನು ಬಿಟ್ಟು ಲ್ಯಾಂಬ್ಡಾ ಥೀಟಾ ಫೈ ಎಂಬ ಇನ್ನೊಂದು ಲ್ಯಾಟಿನೋ ಫ್ರಾಟರ್ನಿಟಿ ಸೇರಿಕೊಂಡ. 1975ರಿಂದ ಇದ್ದೇವೆ, ನಾವೇ ಹಿರಿಯರು ಅಂತ ನನ್ನ ಮುಂದೆಯೇ ಹೇಳುತ್ತಾನೆ. ಆದರೂ ಶನಿವಾರ ನಮ್ಮ ಮೇಜಿಗೇ ಬರುತ್ತಾನೆ. ಹೋದ ಡಿಸೆಂಬರಿನಲ್ಲಿ ಒಬ್ಬ ತಾಯಿಯ ಅರ್ಜಿ ಬಂತು. ನಾನು ಅಭ್ಯಾಸಬಲದಿಂದ ಸೊನ್ನೆ ಒತ್ತಲು ಹೋದೆ. ಅವನು ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡ. ಫಾರ್ಮ್ ಬದಲಾಗಿದೆಯಂತೆ, ನಂಬರ್ ಇಲ್ಲದವರೂ ಈಗ ತಮ್ಮದೇ ಖಾತೆ ತೆರೆದು ಆನ್‌ಲೈನಿನಲ್ಲೇ ಸಹಿ ಮಾಡಬಹುದಂತೆ.

“ಸೊನ್ನೆ ಕಾಲ ಮುಗೀತು,” ಅಂದ. “ನೀವು ಕಾಫಿ ನೋಡ್ಕೊಳ್ಳಿ.”