ಥ್ರೆಡ್ ಹಾಕುವ ಮೊದಲು ಬೀಗದ ಸರದಿ ಗೊತ್ತುಮಾಡಿ

ಜಾವಾ ಪ್ರೋಗ್ರಾಂ ನಿಧಾನವಾಯಿತೆಂದರೆ ಸಾಕು, ನಾಲ್ಕು ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಸೇರಿಸಿಬಿಡುವವರೇ ಹೆಚ್ಚು. ವೇಗ ಹೆಚ್ಚದಿದ್ದರೂ ತಿಂಗಳಿಗೊಮ್ಮೆ ಸರ್ವರ್ ಸ್ತಬ್ಧವಾಗುವುದಂತೂ ಶುರುವಾಗುತ್ತದೆ.

1. ಸಮಯ ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಪ್ರೊಫೈಲರ್ ಓಡಿಸಿ. ತಡ ಡೇಟಾಬೇಸ್‌ನದ್ದಾದರೆ ಕ್ವೆರಿ ಸರಿಮಾಡಿ, ಇಲ್ಲಿಗೇ ನಿಲ್ಲಿಸಿ.

2. ಬರೀ ಲೆಕ್ಕಾಚಾರದ ಕೆಲಸಕ್ಕೆ ಪ್ರೊಸೆಸರ್‌ನಲ್ಲಿ ಕೋರ್ ಎಷ್ಟೋ ಅಷ್ಟೇ ಥ್ರೆಡ್ ಸಾಕು. 64 ಬಿಟ್ ಲಿನಕ್ಸ್‌ನಲ್ಲಿ ಒಂದೊಂದು ಥ್ರೆಡ್ಡಿನ ಸ್ಟ್ಯಾಕಿಗೂ (ಅದರ ಸ್ವಂತ ಮೆಮೊರಿ) ಸಾಮಾನ್ಯವಾಗಿ 1 ಎಂಬಿ ವಿಳಾಸದ ಜಾಗ ಮೀಸಲಾಗುತ್ತದೆ.

3. ಹಂಚಿಕೊಳ್ಳುವ ವೇರಿಯಬಲ್‌ಗಳ ಪಟ್ಟಿ ಮಾಡಿ. ಎಣಿಕೆಗೆ ಒಂದು ಕೂಡಿಸುವುದೆಂದರೆ ಓದು, ಕೂಡಿಸು, ಬರೆ ಎಂಬ ಮೂರು ಕೆಲಸ. ಎರಡು ಥ್ರೆಡ್ಡೂ 41 ಓದಿ ಎರಡೂ 42 ಬರೆದರೆ ಒಂದು ಎಣಿಕೆ ಮಾಯ. ‘ವೊಲಟೈಲ್’ (ಹೊಸ ಬೆಲೆ ಎಲ್ಲ ಥ್ರೆಡ್ಡಿಗೂ ಕಾಣಲಿ ಎನ್ನುವ ಗುರುತು) ಅಂಟಿಸಿದರೆ ಇದು ನಿಲ್ಲದು. ಮೂರನ್ನೂ ಒಂದೇ ಏಟಿಗೆ ಮುಗಿಸುವ ಅಟಾಮಿಕ್ ಇಂಟಿಜರ್ ಬಳಸಿ.

4. ಎಲ್ಲರೂ ಎಡವುವುದು ಎರಡು ಬೀಗ (ಲಾಕ್: ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಲ್ಲದ್ದು) ಬೇಕಾದಾಗ. ಖಾತೆ 17ರಿಂದ 52ಕ್ಕೆ 500 ರೂಪಾಯಿ ಹೋಗಬೇಕು. ಅದೇ ಗಳಿಗೆಗೆ 52ರಿಂದ 17ಕ್ಕೆ 200. ಮೊದಲ ಥ್ರೆಡ್ 17ರ ಬೀಗ ಹಿಡಿದು 52ಕ್ಕೆ ಕಾಯುತ್ತದೆ, ಎರಡನೆಯದು 52 ಹಿಡಿದು 17ಕ್ಕೆ. ಇದೇ ಡೆಡ್‌ಲಾಕ್. ಎರರ್ ಇಲ್ಲ, ಲಾಗ್ ಇಲ್ಲ, ಸಿಪಿಯು ತಣ್ಣಗೆ ಕೂತಿರುತ್ತದೆ. ಪರಿಹಾರ: ಹಣ ಯಾವ ಕಡೆಗೇ ಹೋಗಲಿ, ಸಣ್ಣ ಸಂಖ್ಯೆಯ ಖಾತೆಗೇ ಮೊದಲ ಬೀಗ. ಈ ನಿಯಮವನ್ನು ಒಂದೇ ಫಂಕ್ಷನ್‌ನಲ್ಲಿಡಿ. ಹತ್ತು ಕಡೆ ಬರೆದರೆ ಒಂದು ಕಡೆ ತಿರುವುಮುರುವಾಗಿಯೇ ಆಗುತ್ತದೆ. ಬೀಗ ಹಿಡಿದುಕೊಂಡೇ ನೆಟ್‌ವರ್ಕ್‌ಗೆ ಹೋಗಬೇಡಿ, ಬೇರೆಯವರ ಕಾಲ್‌ಬ್ಯಾಕನ್ನೂ (ಅವರು ಕೊಟ್ಟ ಫಂಕ್ಷನ್) ಕರೆಯಬೇಡಿ: ಅದರೊಳಗೆ ಇನ್ಯಾವ ಬೀಗವಿದೆಯೋ ನಿಮಗೆ ಕಾಣದು.

ನಡುವೆ ‘ಸ್ಲೀಪ್’ (ಥ್ರೆಡ್ಡನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಆಜ್ಞೆ) ತುರುಕಿ ಸರಿಯಾಯಿತು ಎನ್ನುವುದುಂಟು. ಅದು ಸಮಯ ಸರಿಸುತ್ತದೆ, ದೋಷ ಅಲ್ಲೇ ಇರುತ್ತದೆ. ಪತ್ತೆಗೆಂದು ಪ್ರಿಂಟ್ ಸಾಲು ಸೇರಿಸಿದರೂ ಅದೇ ಕಥೆ: ಪ್ರಿಂಟ್ ತಾನೇ ಒಂದು ಬೀಗ ಹಿಡಿಯುವುದರಿಂದ ಥ್ರೆಡ್‌ಗಳು ಸಾಲಾಗಿ ನಿಂತು ದೋಷ ಅಡಗಿಬಿಡುತ್ತದೆ.

5. ಸ್ತಬ್ಧವಾದರೆ ರೀಸ್ಟಾರ್ಟ್‌ಗೆ ಮೊದಲು ಜೆಸ್ಟ್ಯಾಕ್ (ಥ್ರೆಡ್‌ಗಳ ಸ್ಥಿತಿ ತೋರಿಸುವ ಜಾವಾ ಸಾಧನ) ಓಡಿಸಿ, ಹತ್ತು ಸೆಕೆಂಡ್ ಬಿಟ್ಟು ಮತ್ತೊಮ್ಮೆ. ಯಾವ ಥ್ರೆಡ್ ಯಾವ ಬೀಗ ಹಿಡಿದು ಯಾವುದಕ್ಕೆ ಕಾಯುತ್ತಿದೆ ಎಂದು ಡೆಡ್‌ಲಾಕನ್ನು ಅದೇ ತೋರಿಸುತ್ತದೆ.

ಆದರೂ ನಮ್ಮ ಮಟ್ಟಿಗೆ, ಖಾತೆಗಳನ್ನು ಒಂದೇ ಥ್ರೆಡ್ ಮುಟ್ಟಲಿ. ಉಳಿದವು ಕ್ಯೂಗೆ (ಸರದಿ ಸಾಲಿಗೆ) ಕೋರಿಕೆ ಹಾಕಲಿ. ಕ್ಯೂಗೆ ಮಿತಿ ಕೊಡಲು ಮರೆಯಬೇಡಿ. ಜಾವಾದ ರೆಡಿಮೇಡ್ ಫಿಕ್ಸೆಡ್ ಥ್ರೆಡ್ ಪೂಲ್‌ನ (ಗೊತ್ತಾದಷ್ಟೇ ಥ್ರೆಡ್‌ಗಳ ಗುಂಪು) ಕ್ಯೂಗೆ ಮಿತಿಯೇ ಇಲ್ಲ, ಕೆಲಸ ಹಿಂದೆ ಬಿದ್ದರೆ ಮೆಮೊರಿ ತುಂಬುವವರೆಗೂ ಬೆಳೆಯುತ್ತದೆ.