ಓಕ್‌ಗೆ ಎಪಾಕ್ಸಿ ಹಿಡಿಯಲ್ಲ ಅಂದಿದ್ದರು

ಹೋದ ವಾರ ದೋಣಿಯನ್ನು ದಡಕ್ಕೆಳೆದು, ಒಳಗಿನ ನೆಲಹಲಗೆ ಬಿಚ್ಚಿ ನೋಡಿದೆ. ಓಕ್ ಮರದ ಪಟ್ಟಿಗಳನ್ನು ಎಪಾಕ್ಸಿಯಿಂದ (ರಾಳಕ್ಕೆ ಹಾರ್ಡ್‌ನರ್ ಬೆರೆಸಿ ಗಟ್ಟಿಮಾಡುವ ಅಂಟು) ನಾನೇ ಅಂಟಿಸಿ ಮಾಡಿದ 14 ಪಕ್ಕೆಗಳು, ಅಂದರೆ ದೋಣಿಯ ಒಡಲನ್ನು ಒಳಗಿನಿಂದ ಹಿಡಿದಿಡುವ ಬಾಗಿದ ಮರಗಳು. 4 ವರ್ಷ ನೀರು, ಬಿಸಿಲು ಎರಡೂ ಕಂಡಿವೆ. ತೆಳು ಬ್ಲೇಡ್ ಹಿಡಿದು ಒಂದೊಂದೇ ಸಂದಿಗೆ ಒತ್ತಿದೆ. ಒಂದೂ ಬಾಯಿ ಬಿಟ್ಟಿರಲಿಲ್ಲ. ಇದನ್ನು ಬರೆಯಲು ಧೈರ್ಯ ಬಂದಿದ್ದು ಆಮೇಲೆ.

ಧೈರ್ಯ ಯಾಕೆ ಬೇಕಿತ್ತು ಅಂದರೆ, ಗಟ್ಟಿ ಮರಕ್ಕೆ ಎಪಾಕ್ಸಿ ನಂಬಬೇಡ, ಬಿಳಿ ಓಕ್‌ಗಂತೂ ಬೇಡವೇ ಬೇಡ ಅಂತ ನನಗೆ ಹೇಳದವರೇ ಇಲ್ಲ. ವಯಸ್ಸಾದ ದೋಣಿ ಕೆಲಸದವರೊಬ್ಬರು ನನಗೆ ಗುರುವಿದ್ದ ಹಾಗೆ. ಅವರೂ, "ಅಂಟು ನಂಬಿ ನೀರಿಗೆ ಇಳೀಬೇಡಪ್ಪ. ತಾಮ್ರದ ರಿವಿಟ್ ಹೊಡಿ, ಮುಗೀತು" ಅಂದಿದ್ದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಓಕ್ ಬಿಗಿ ಮರ, ಅಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದೂ ಜೋರಾಗಿ. ನನ್ನ ಮೊದಲ ಮೂರು ಪಕ್ಕೆಗಳನ್ನು ನೋಡಿದ್ದರೆ ಅವರು ಬಿದ್ದು ಬಿದ್ದು ನಗುತ್ತಿದ್ದರು.

ದೋಣಿ 16 ಅಡಿಯದು. ಹಲಗೆಗಳು ಮಹಾಗನಿ, ಪಕ್ಕೆಗಳು ಬಿಳಿ ಓಕ್, ಅಂಚಿನ ಪಟ್ಟಿ ತೇಗ. ಅರ್ಧಕ್ಕಿಂತ ಜಾಸ್ತಿ ಪಕ್ಕೆಗಳು ಸರಿಯಾಗಿ ತಿರುವಿನಲ್ಲೇ ಮುರಿದಿದ್ದವು. ಹಬೆಯಲ್ಲಿ ಬಾಗಿಸೋಣ ಅಂದರೆ ಹಸಿ ಓಕ್ ಬೇಕು. ನನ್ನ ಹತ್ತಿರ ಇದ್ದದ್ದು ವರ್ಷಗಟ್ಟಲೆ ಒಣಗಿದ ಮರ. ಬಾಗಿಸಲು ಹೋದರೆ ಚಟ್ ಅಂತ ಮುರಿಯುತ್ತಿತ್ತು. ಅದಕ್ಕೇ 4 ಮಿ.ಮೀ. ಆಸುಪಾಸಿನ ಪಟ್ಟಿಗಳಾಗಿ ಸೀಳಿ, ಒಂದು ಪಕ್ಕೆಗೆ 7 ಪದರ ಇಟ್ಟು, ಅಚ್ಚಿನ ಮೇಲೆ ಬಾಗಿಸಿ ಅಂಟಿಸುವುದು ಅಂತ ಇಟ್ಟುಕೊಂಡೆ.

ಮೊದಲನೇ ಪಕ್ಕೆ. ನಾನು ಮರಗೆಲಸ ಕಲಿತಿದ್ದು ಬಿಳಿ ಅಂಟಿನಲ್ಲಿ. ಮೇಲ್ಮೈಯನ್ನು ಕನ್ನಡಿ ಥರ ಕೀಸು, ಕ್ಲಾಂಪ್ ಹಾಕಿ ಉಸಿರು ಕಟ್ಟುವಷ್ಟು ಬಿಗಿ. ಇಲ್ಲೂ ಹಾಗೇ ಮಾಡಿದೆ. ಅಂಟು ನಾಲ್ಕೂ ಕಡೆ ದಾರದಂತೆ ಇಳಿದಾಗ ಖುಷಿಯೋ ಖುಷಿ. ಮೂರು ದಿನ ಬಿಟ್ಟು ಮರದ ಸುತ್ತಿಗೆಯಿಂದ ಒಂದೇಟು ಕೊಟ್ಟೆ, ಇಸ್ಪೀಟು ಎಲೆ ಬಿಡಿಸಿದ ಹಾಗೆ ಬಿಚ್ಚಿಕೊಂಡಿತು. ಒಳಗೆ ಅಂಟಿನ ಮುಖ ಗಾಜಿನಂತೆ ಹೊಳೆಯುತ್ತಿತ್ತು, ಅದಕ್ಕೆ ಮರದ ಒಂದು ನಾರೂ ಹತ್ತಿರಲಿಲ್ಲ. ಕೆಳಗೆ ಸುರಿದದ್ದೇ ಅಂಟು, ಒಳಗೆ ಉಳಿದದ್ದು ಬರೀ ಕಲೆ. ದೋಣಿ ಕೆಲಸದ ಇನ್ನೊಂದು ಅಂಟು ರಿಸಾರ್ಸಿನಾಲ್‌ಗೆ ಬಿಗಿ ಕೂಡಿಕೆ, ಜೋರು ಒತ್ತಡ ಬೇಕೇ ಬೇಕು. ಎಪಾಕ್ಸಿಯದ್ದು ಉಲ್ಟಾ, ನಡುವೆ ಅದಕ್ಕೊಂದಿಷ್ಟು ಜಾಗ ಬಿಡಬೇಕು. ಓದಿ ಗೊತ್ತಿತ್ತು. ಆದರೆ ಕೈ ಕೇಳಬೇಕಲ್ಲ!

ಎರಡನೇ ಪಕ್ಕೆಯ ಹೊತ್ತಿಗೆ ಚಳಿ ಬಂದಿತ್ತು. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಒಂದು ಪಂಪ್ ಜಾಸ್ತಿ ಒತ್ತಿದೆ. ಫೈಬರ್ ದೋಣಿಗೆ ಪಾಲಿಯೆಸ್ಟರ್ ರಾಳ ಬಳಸಿದ ಕಾಲದ ಚಾಳಿ ಇದು. ಅಲ್ಲಿ ಹನಿ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಇಲ್ಲಿ ಹಾಗಲ್ಲ, ನನ್ನ ಡಬ್ಬಿಯ ಲೆಕ್ಕ 5 ಪಾಲು ರಾಳಕ್ಕೆ 1 ಪಾಲು ಹಾರ್ಡ್‌ನರ್. ಜಾಸ್ತಿ ಹಾಕಿದ ಹಾರ್ಡ್‌ನರ್ ಜೊತೆ ಸಿಗದೆ ಹಾಗೇ ಉಳಿದುಬಿಡುತ್ತದೆ. ವಾರ ಕಳೆದರೂ ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಕೆರೆದು ತೆಗೆಯಲು ಎರಡು ದಿನ ಹೋಯಿತು.

ಮೂರನೆಯದು ಅಂಟಿಸುವ ಹಂತಕ್ಕೇ ಬರಲಿಲ್ಲ. ಎರಡು ಪಕ್ಕೆಗೆ ಆಗುವಷ್ಟನ್ನು ಒಂದೇ ಆಳದ ಲೋಟದಲ್ಲಿ ಕಲಸಿಟ್ಟು ಫೋನ್ ಎತ್ತಿದೆ. ವಾಪಸ್ ಬಂದರೆ ಲೋಟದಿಂದ ಹೊಗೆ ಏಳುತ್ತಿದೆ, ಲೋಟದ ತಳ ಸೊಟ್ಟಗಾಗಿದೆ, ಮೇಜಿನ ಮೇಲೆ ಕರಿ ಉಂಗುರ. ಈಗಲೂ ಆ ಉಂಗುರ ಇದೆ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಆಳದ ಲೋಟದಲ್ಲಿ ಆ ಬಿಸಿ ಹೊರಹೋಗುವುದಿಲ್ಲ. ಕಲಸಿದ ಕೂಡಲೇ ಅಗಲವಾದ ತಟ್ಟೆಗೆ ಸುರಿದುಬಿಟ್ಟರೆ ಈ ಗೋಳಿಲ್ಲ.

ದುಡ್ಡಿನ ಮಾತು. ಲೆಕ್ಕ ಬರೆದಿಟ್ಟಿಲ್ಲ, ನೆನಪಿನಿಂದ ಹೇಳುತ್ತೇನೆ. ಮೊದಲು ತಂದ 5 ಲೀಟರಿನಲ್ಲಿ 3 ಲೀಟರಿನಷ್ಟು ಕಸದ ಬುಟ್ಟಿ ಸೇರಿತು. ಕೊನೆಗೆ ಅಂಟು, ಕ್ಲಾಂಪ್, ಬ್ರಷ್, ಕೈಗವಸು ಎಲ್ಲ ಕೂಡಿಸಿದರೆ ಹಳೇ ದೋಣಿಗೆ ಕೊಟ್ಟ ಹಣವನ್ನೇ ಮೀರಿತ್ತು. ಹಸಿ ಓಕ್ ತರಿಸಿ ಹಬೆಯಲ್ಲಿ ಬಾಗಿಸಿದ್ದರೆ ಇದರ ಅರ್ಧದಲ್ಲಿ ಮುಗಿಯುತ್ತಿತ್ತು ಅಂತ ಮನೆಯವರು ಇಂದಿಗೂ ಹೇಳುತ್ತಾರೆ. ಕೇಳಿಸದವನಂತೆ ಇರುತ್ತೇನೆ.

ಆಮೇಲೆ ಬುದ್ಧಿ ಬಂತು. ಪಕ್ಕೆ ಬದಿಗಿಟ್ಟು ಓಕ್‌ನ ಚಿಕ್ಕ ತುಂಡುಗಳನ್ನು ಅಂಟಿಸಿ ಮುರಿಯಲು ಶುರುಮಾಡಿದೆ, 20 ಜೊತೆಗಳಿರಬೇಕು. ಮುರಿದ ಮೇಲೆ ಎಷ್ಟು ಭಾಗ ಮರ ಕಿತ್ತುಬಂದಿದೆ, ಎಷ್ಟು ಭಾಗ ಅಂಟು ಬಿಟ್ಟಿದೆ ಅಂತ ನೋಡುವುದು, ಅಷ್ಟೇ. ನುಣ್ಣಗೆ ಕೀಸಿದ್ದರಲ್ಲಿ ಮರ ಕಿತ್ತುಬಂದದ್ದು ಹತ್ತರಲ್ಲಿ ಒಂದು ಪಾಲು. ಬರೀ 80 ನಂಬರಿನ ಒರಟು ಉಪ್ಪುಕಾಗದ ಹಾಕಿ ಉಜ್ಜಿದ್ದಕ್ಕೇ ಅದು ಅರ್ಧ ದಾಟಿತು. ಉಜ್ಜಿ, ಮೊದಲು ತೆಳು ಎಪಾಕ್ಸಿ ಕುಡಿಸಿ, ಆಮೇಲೆ ಗಟ್ಟಿ ಎಪಾಕ್ಸಿ ಹಚ್ಚಿ, ಕ್ಲಾಂಪನ್ನು ಬೆರಳಲ್ಲಿ ಮಾತ್ರ ತಿರುಗಿಸಿದ ತುಂಡುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಮರವೇ ಕಿತ್ತುಬಂತು. ಆ ತುಂಡುಗಳನ್ನು ಇನ್ನೂ ಎಸೆದಿಲ್ಲ. ನಂಬದವರು ಬಂದರೆ ಮುಂದಿಡುತ್ತೇನೆ.

ಪಕ್ಕೆಗೂ ಅದನ್ನೇ ಮಾಡಿದೆ. ಮರದ ತೇವ ಮೀಟರಿನಲ್ಲಿ ಶೇ 10ರ ಹತ್ತಿರ ಬರುವವರೆಗೆ ಮುಟ್ಟಲಿಲ್ಲ. ಉಜ್ಜಿದ ದಿನವೇ ಅಂಟಿಸಿದೆ. ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆದೆ, ಕಂಪ್ರೆಸರ್ ಗಾಳಿ ಹೊಡೆಯಲಿಲ್ಲ, ಅದರಲ್ಲಿ ಎಣ್ಣೆ ಬರುತ್ತದೆ. ಏನೂ ಬೆರೆಸದ ಎಪಾಕ್ಸಿಯನ್ನು ಎರಡೂ ಮುಖಕ್ಕೆ ಹಚ್ಚಿ 15-20 ನಿಮಿಷ ಬಿಟ್ಟೆ. ಎಳೆ ಕಡಿದ ತುದಿಗಳು ಕುಡಿದು ಮಂಕಾಗುತ್ತವೆ, ಅಲ್ಲಿಗೆ ಇನ್ನೊಂದು ಸಲ. ಆಮೇಲೆ ಸಿಲಿಕಾ ಪುಡಿ ಬೆರೆಸಿ ಗ್ರೀಸ್ ಹದಕ್ಕೆ ತಂದು ಹಚ್ಚಿದೆ. ಮೈಕ್ರೊಬಲೂನ್ ಅನ್ನುವ ಹಗುರ ಟೊಳ್ಳು ಪುಡಿ ಬೆರೆಸಬೇಡಿ, ಅದು ತಗ್ಗು ತುಂಬಲಷ್ಟೇ ಸರಿ. ಕ್ಲಾಂಪ್ ಎಷ್ಟಿದ್ದರೂ ಹಾಕಿ, ಆದರೆ ಯಾವುದಕ್ಕೂ ತೋಳಿನ ಬಲ ಬೇಡ. ಅಂಚಿನಲ್ಲಿ ಸಣ್ಣ ಮಣಿಸಾಲು ಕಂಡರೆ ನಿಲ್ಲಿಸಿ. ಮರುದಿನ ಕ್ಲಾಂಪ್ ಬಿಚ್ಚಿದರೂ ವಾರದವರೆಗೆ ಭಾರ ಹಾಕಲಿಲ್ಲ.

ಅಚ್ಚಿನಿಂದ ಬಿಚ್ಚಿದರೆ ಪಕ್ಕೆ ಸ್ವಲ್ಪ ನೆಟ್ಟಗಾಗುತ್ತದೆ, ಗೊತ್ತಲ್ಲ. ಪದರ ಹೆಚ್ಚಿದಷ್ಟೂ ಇದು ಕಡಿಮೆ. ನಾನು ಅಚ್ಚನ್ನೇ ತುಸು ಹೆಚ್ಚು ಬಾಗಿಸಿದ್ದೆ. ಎಷ್ಟು, ಎಲ್ಲಿ ಅನ್ನುವುದು ನನ್ನ ಹತ್ತಿರವೇ ಇರಲಿ. 14ರಲ್ಲಿ 12 ಪಕ್ಕೆಗಳು ಒಂದು ಸಲವೂ ಕೀಸದೆ ಕೂತವು ಅಂತ ಮಾತ್ರ ಹೇಳುತ್ತೇನೆ.

ಒಂದು ಎಡವಟ್ಟು ಮರೆತೆ. ಒಂದು ಪಕ್ಕೆಗೆ ಹೊರಗಿನ ಎಪಾಕ್ಸಿ ಲೇಪ ಒಣಗಿದ ಮೇಲೆ ಎರಡನೇ ಲೇಪ ಕೊಟ್ಟೆ, ಅದು ಸಿಪ್ಪೆಯಂತೆ ಎದ್ದಿತು. ಮೇಲೆ ಮೇಣದಂಥ ಜಿಡ್ಡು ಕೂತಿತ್ತು. ಅಸಿಟೋನ್‌ನಿಂದ ಒರೆಸಿದರೆ ಆ ಜಿಡ್ಡು ಸುಮ್ನೆ ಹರಡುತ್ತದೆ. ಬರೀ ನೀರು, ಒರಟು ಪ್ಯಾಡ್, ಆಮೇಲೆ ಉಪ್ಪುಕಾಗದ. ಖರ್ಚೇ ಇಲ್ಲದ ಮದ್ದು ಇದೊಂದೇ.

ತೇಗದ ತಲೆನೋವು ಅದರ ಎಣ್ಣೆ. ಬಿಳಿ ಬಟ್ಟೆಗೆ ಹಳದಿ ಹತ್ತುವುದು ನಿಲ್ಲುವವರೆಗೆ ಅಸಿಟೋನ್‌ನಿಂದ ಒರೆಸಿದೆ, ಉಜ್ಜಿದೆ, ಮತ್ತೆ ಒರೆಸಿ ಕಾಲು ಗಂಟೆಯೊಳಗೆ ಅಂಟಿಸಿದೆ. ಕುತೂಹಲಕ್ಕೆ ಕೆಲವು ತುಂಡುಗಳಿಗೆ ಅಸಿಟೋನ್ ಬಿಟ್ಟು, ಹಸಿ ಎಪಾಕ್ಸಿ ಹಚ್ಚಿದ ಮೇಲೆಯೇ ಉಪ್ಪುಕಾಗದ ಹಾಕಿ ತಿಕ್ಕಿದೆ. ಮುರಿದಾಗ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ತೇಗಕ್ಕೆ ನಾನು ಮಾಡುವ ಇನ್ನೊಂದು ಕೆಲಸವಿದೆ, ಅದನ್ನು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಅದು ಇಲ್ಲಿ ಬೇಡ. ಪಟ್ಟಿಯ ಉದ್ದ ಸಾಲದ ಕಡೆ ಓರೆಯಾಗಿ ಕತ್ತರಿಸಿ ಜೋಡಿಸಿದೆ, ದಪ್ಪದ 12 ಪಟ್ಟು ಉದ್ದದ ಓರೆ. 8 ಪಟ್ಟು ಸಾಕು ಅನ್ನುವವರಿದ್ದಾರೆ. ಮೆತ್ತಗಿನ ಮರಕ್ಕೆ ಸಾಕು, ಗಟ್ಟಿ ಮರಕ್ಕೆ ನಾನು ಒಪ್ಪುವುದಿಲ್ಲ.

ಇನ್ನೊಂದು ಹುಚ್ಚಾಟ. ಓಕ್ ತುಂಡುಗಳನ್ನು ನಾಲ್ಕು ಗಂಟೆ ನೀರಲ್ಲಿ ಕುದಿಸಿದೆ. ಬಿಸಿ ಇರುವಾಗಲೇ ತಿರುಚಿದರೆ ಮೆತ್ತಗೆ ಬಿಚ್ಚಿಕೊಂಡವು. ಎದೆ ಧಸಕ್ ಅಂತು. ಜೊತೆಗೆ ಕುದಿಸಿದ್ದ ಉಳಿದ ತುಂಡುಗಳನ್ನು ಆರಲು ಬಿಟ್ಟು ಮರುದಿನ ಮುರಿದೆ, ಮತ್ತೆ ಮರವೇ ಕಿತ್ತುಬಂತು. ಸಾಧಾರಣ ಬೆಚ್ಚಗಿನ ಜಾಗದಲ್ಲಿ ಗಟ್ಟಿಯಾದ ಎಪಾಕ್ಸಿ 60 ಡಿಗ್ರಿ ಸುತ್ತಮುತ್ತ ಮೆತ್ತಗಾಗುತ್ತದೆ, ತಣ್ಣಗಾದರೆ ಮತ್ತೆ ಬಿಗಿಯಾಗುತ್ತದೆ. ಇದರಿಂದ ಲಾಭವೂ ಆಯಿತು. ಎಪಾಕ್ಸಿಯಲ್ಲಿ ಕೂತುಬಿಟ್ಟ ಸ್ಕ್ರೂ ತಲೆಗೆ ಸಾಲ್ಡರಿಂಗ್ ಐರನ್ ಇಟ್ಟು ಕಾಯಿಸಿದರೆ ಸಲೀಸಾಗಿ ತಿರುಗುತ್ತದೆ.

ಓಕ್‌ಗೆ ಎಪಾಕ್ಸಿ ಹಿಡಿಯಲಿ ಅಂತ ಮೊದಲು ಬಳಿಯುವ ಒಂದು ಪ್ರೈಮರ್‌ ಇದೆ. ಹೆಸರು ಎಚ್‌ಎಂಆರ್. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಸರಕಾರಿ ಮರ ಸಂಶೋಧನಾಲಯದವರು 1990ರ ದಶಕದಲ್ಲಿ ಮಾಡಿದ್ದು. ಕಲಸಿದ ದಿನವೇ ಬಳಸಿ ಮುಗಿಸಬೇಕು, ಅದರಲ್ಲಿ ಫಾರ್ಮಾಲ್ಡಿಹೈಡ್ ಬೇರೆ. ಒಳ್ಳೆಯದೇ ಇರಬಹುದು, ನನ್ನ ಮುಚ್ಚಿದ ಶೆಡ್ಡಿಗೆ ಆಗುವ ಮಾತಲ್ಲ. ಕೀಲ್‌ನ, ಅಂದರೆ ದೋಣಿಯ ತಳದ ಬೆನ್ನೆಲುಬಿನ, ದಪ್ಪ ಓಕ್ ತೊಲೆಗಳನ್ನು ಮಾತ್ರ ನಾನೂ ಅಂಟಿಗೆ ಬಿಡಲಿಲ್ಲ. ಅಷ್ಟು ದಪ್ಪದ ಮರ ಉಬ್ಬಲು ಹೊರಟರೆ ಯಾವ ಅಂಟೂ ತಡೆಯಲ್ಲ. ಅಲ್ಲಿ ಕಂಚಿನ ಬೋಲ್ಟೇ.

ಹೋದ ವಾರ ಗುರುಗಳನ್ನೂ ಕರೆಸಿದ್ದೆ. ಪಕ್ಕೆಗಳನ್ನು ಬೆರಳ ಗೆಣ್ಣಿನಿಂದ ಬಡಿದು ಕೇಳಿದರು, ಏನೂ ಹೇಳಲಿಲ್ಲ. ಮುಂದಿನ ತುದಿಗೆ ಹೋಗಿ ಅಂಚಿನ ಪಟ್ಟಿಯ ಮೇಲೆ ಬೆರಳಿಟ್ಟು, "ಇದೇನಪ್ಪಾ?" ಅಂದರು. ಚಂದ ಕಾಣಲಿ ಅಂತ ಅಲ್ಲಿ ಒಂದು ಮೊಳ ಕಪ್ಪು ಬಣ್ಣ ಬಳಿದಿದ್ದೆ. ಬಿಸಿಲಿಗೆ ಕಾದೂ ಕಾದೂ ಓರೆ ಜೋಡಣೆಯ ತುದಿ ಕೂದಲೆಳೆಯಷ್ಟು ಎದ್ದಿದೆ. ತುಂಡು ಕುದಿಸಿ ನೋಡಿದವನಿಗೆ ಇದು ಹೊಳೆಯಬೇಕಿತ್ತು. ಬಿಳಿ ಬಣ್ಣ ತಂದಿಟ್ಟಿದ್ದೇನೆ, ಭಾನುವಾರ ಕಪ್ಪು ಕೆರೆಯುವ ಕೆಲಸ.