ಸಿ-ಆರ್ಮ್ ಕೊಠಡಿ: ಎಲ್ಲಿ ನಿಲ್ಲಬೇಕು, ಏನು ತೊಡಬೇಕು

ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಎಕ್ಸ್-ರೇ ಚಿತ್ರ ತೋರಿಸುವ, C ಆಕಾರದ ತೋಳಿನ ಯಂತ್ರ ಸಿ-ಆರ್ಮ್. ಅದು ಚಾಲೂ ಆದಾಗ ಎಲ್ಲರೂ ಹೆದರುವುದು ಕಿರಣ ಹೊರಡುವ ಟ್ಯೂಬಿಗೆ. ಆದರೆ ಸಿಬ್ಬಂದಿಗೆ ತಗಲುವ ವಿಕಿರಣದ ಬಹುಪಾಲು ಬರುವುದು ಮೇಜಿನ ಮೇಲೆ ಮಲಗಿರುವ ರೋಗಿಯ ದೇಹದಿಂದ. ದೇಹಕ್ಕೆ ಬಡಿದ ಕಿರಣಗಳು ಸುತ್ತಲೂ ಚದುರುತ್ತವೆ. ಒಂದು ಮೀಟರ್ ದೂರದಲ್ಲಿ ಅದರ ಪ್ರಮಾಣ ರೋಗಿಯ ಚರ್ಮದ ಮೇಲೆ ಬೀಳುವುದರ ಸುಮಾರು ಸಾವಿರದ ಒಂದು ಪಾಲು. ಒಂದು ಸಲಕ್ಕೆ ಇದು ಅಲ್ಪವೇ, ಆದರೆ ಕೆಲಸ ವರ್ಷಗಟ್ಟಲೆ ನಡೆಯುತ್ತದಲ್ಲ. ಹಾಗಾಗಿ ರೋಗಿಗೆ ಬೀಳುವ ಡೋಸನ್ನು (ವಿಕಿರಣದ ಪ್ರಮಾಣವನ್ನು) ಇಳಿಸಿದರೆ ನಿಮ್ಮದೂ ಇಳಿಯುತ್ತದೆ.

ಮೊದಲು ಯಂತ್ರವನ್ನು ಸರಿಯಾಗಿ ನಿಲ್ಲಿಸಿ. ಟ್ಯೂಬ್ ಮೇಜಿನ ಕೆಳಗೆ, ಚಿತ್ರ ಹಿಡಿಯುವ ಡಿಟೆಕ್ಟರ್ ಮೇಲೆ. ಕಿರಣ ದೇಹವನ್ನು ಹೊಗುವ ಕಡೆಯೇ ಚದುರುವಿಕೆ ಹೆಚ್ಚು. ಟ್ಯೂಬ್ ಮೇಲಿದ್ದರೆ ಅದು ನೇರ ನಿಮ್ಮ ಮುಖಕ್ಕೆ ಬರುತ್ತದೆ. ಕೆಳಗಿದ್ದರೆ ಕಾಲುಗಳತ್ತ ಹೋಗುತ್ತದೆ, ಅಲ್ಲಿ ಮೇಜಿಗೆ ತೂಗಿದ ಸೀಸದ ಪರದೆ ತಡೆಯುತ್ತದೆ. ಡಿಟೆಕ್ಟರ್ ರೋಗಿಗೆ ಆದಷ್ಟು ಹತ್ತಿರ, ಟ್ಯೂಬ್ ಆದಷ್ಟು ದೂರ ಇರಲಿ. ಸೊಂಟದ ಶಸ್ತ್ರಚಿಕಿತ್ಸೆಯಂಥ ಕಡೆ ಸಿ-ಆರ್ಮನ್ನು ಅಡ್ಡ ಮಲಗಿಸಿದಾಗ ಡಿಟೆಕ್ಟರ್ ಇರುವ ಬದಿಗೆ ಹೋಗಿ ನಿಲ್ಲಿ. ಜಾಗ ಇಕ್ಕಟ್ಟೆಂದು ಟ್ಯೂಬಿನ ಪಕ್ಕದಲ್ಲೇ ಉಳಿದುಬಿಡುವುದು ತೀರಾ ಸಾಮಾನ್ಯ ತಪ್ಪು.

ಕಿರಣ ಹೊರಡಿಸುವ ಪೆಡಲ್ ಒತ್ತುವವರ ಕೈಯಲ್ಲಿ, ಅಂದರೆ ಕಾಲಿನಲ್ಲಿ, ಇನ್ನೂ ಬಹಳಷ್ಟಿದೆ. ಸೆಕೆಂಡಿಗೆ 15 ಪಲ್ಸ್ (ಕಿರಣದ ಮಿಡಿತ) ಬದಲು 7.5 ಸಾಕಾಗುವ ಕೆಲಸವೇ ಹೆಚ್ಚು. ಡೋಸ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಾನಿಟರಿನ ಮೇಲೆ ನಿಂತ ಕೊನೆಯ ಚಿತ್ರವನ್ನು ನೋಡಿ ಯೋಚಿಸಿ, ಯೋಚಿಸುವಾಗ ಪೆಡಲ್ ಬಿಡಿ. ಮಾನಿಟರಿನಿಂದ ಕಣ್ಣು ತೆಗೆದವರ ಕಾಲು ಪೆಡಲಿನ ಮೇಲಿರಬಾರದು. ಕಿರಣದ ಅಗಲವನ್ನು ಕಿರಿದಾಗಿಸುವ ಕಾಲಿಮೇಟರನ್ನು ಬೇಕಾದ ಜಾಗಕ್ಕಷ್ಟೇ ಮುಚ್ಚಿ. ಮ್ಯಾಗ್ನಿಫಿಕೇಶನ್ ಒತ್ತಿದರೆ ಯಂತ್ರ ತಾನಾಗಿಯೇ ಕಿರಣವನ್ನು ಹೆಚ್ಚಿಸುತ್ತದೆ, ಅದನ್ನು ಅಗತ್ಯ ಬಿದ್ದಾಗ ಮಾತ್ರ ಬಳಸಿ. ಬೆರಳುಗಳು ಚಿತ್ರದಲ್ಲಿ ಕಾಣುತ್ತಿವೆ ಎಂದರೆ ಅವು ನೇರ ಕಿರಣದಲ್ಲಿವೆ. ಸೀಸದ ಗ್ಲೌಸ್ ಹಾಕಿಕೊಂಡು ಕೈ ಇಡುವುದು ಪರಿಹಾರವಲ್ಲ: ಗ್ಲೌಸ್ ಅಡ್ಡ ಬಂದೊಡನೆ ಚಿತ್ರ ಮಂಕಾಗುತ್ತದೆ, ಸ್ವಯಂಚಾಲಿತ ನಿಯಂತ್ರಣ ಕಿರಣವನ್ನು ಏರಿಸುತ್ತದೆ, ರೋಗಿಗೂ ಕೈಗೂ ಡೋಸ್ ಹೆಚ್ಚುತ್ತದೆ.

ದೂರಕ್ಕೆ ಖರ್ಚಿಲ್ಲ. ಒಂದು ಮೀಟರಿನಿಂದ ಎರಡಕ್ಕೆ ಸರಿದರೆ ಕಾಲು ಭಾಗ, ಮೂರಕ್ಕೆ ಸರಿದರೆ ಸುಮಾರು ಒಂಬತ್ತರಲ್ಲೊಂದು. ಅರಿವಳಿಕೆ ತಂಡ, ಸರ್ಕ್ಯುಲೇಟಿಂಗ್ ನರ್ಸ್ (ಓಡಾಡಿ ಸಾಮಾನು ಒದಗಿಸುವವರು) ಒಂದು ಹೆಜ್ಜೆ ಹಿಂದೆ ಸರಿಯಲೆಂದು ಪೆಡಲ್ ಒತ್ತುವ ಮುನ್ನ ‘ಎಕ್ಸ್-ರೇ’ ಎಂದು ಕೂಗಿ ಹೇಳುವ ರೂಢಿ ಒಳ್ಳೆಯದು. ವಾರ್ಡಿನಲ್ಲಿ ಪೋರ್ಟಬಲ್ ಎಕ್ಸ್-ರೇ ತೆಗೆಯುವಾಗ ಕನಿಷ್ಠ ಎರಡು ಮೀಟರ್ ದೂರ ನಿಲ್ಲಿ, ಕಿರಣದ ದಾರಿಯಲ್ಲಿ ಯಾರೂ ಇರಬಾರದು. ಎಕ್ಸ್-ರೇ ನಿಂತ ಕ್ಷಣ ಕೊಠಡಿಯಲ್ಲಿ ಏನೂ ಉಳಿಯುವುದಿಲ್ಲ. ಆಮೇಲೆ ಒಳಗೆ ಬರಲು ಕಾಯಬೇಕಿಲ್ಲ.

ಸೀಸದ ಏಪ್ರನ್ ಮುಂಭಾಗದಲ್ಲಿ 0.5 ಮಿ.ಮೀ. ಸೀಸಕ್ಕೆ ಸಮನಾಗಿದ್ದರೆ ಚದುರಿದ ವಿಕಿರಣದ 90 ಶೇಕಡಕ್ಕೂ ಹೆಚ್ಚನ್ನು ತಡೆಯುತ್ತದೆ. ಮುಂದೆ ಮಾತ್ರ ಮುಚ್ಚುವ ಏಪ್ರನ್ ತೊಟ್ಟವರು ರೋಗಿಗೆ ಬೆನ್ನು ಹಾಕಿದರೆ ರಕ್ಷಣೆ ಅಲ್ಲಿಗೆ ಮುಗಿಯಿತು. ಓಡಾಡುವ ಕೆಲಸದವರಿಗೆ ಸುತ್ತುವ, ಎರಡು ತುಂಡಿನ ಏಪ್ರನ್ನೇ ಸರಿ, ಭಾರವೂ ಸೊಂಟಕ್ಕೆ ಹಂಚಿಹೋಗುತ್ತದೆ. ತೋಳಿನ ಬಳಿ ಸಡಿಲವಾಗಿದ್ದರೆ ಎದೆಯ ಬದಿಗೆ ವಿಕಿರಣ ನುಗ್ಗುತ್ತದೆ, ಅಳತೆ ಹೊಂದುವುದನ್ನೇ ಆರಿಸಿ. ಬಿಚ್ಚಿದ ಮೇಲೆ ಮಡಚಿ ಕುರ್ಚಿಯ ಮೇಲೆ ಎಸೆಯಬೇಡಿ. ಮಡಿಕೆಯಲ್ಲಿ ಒಳಪದರ ಬಿರಿಯುತ್ತದೆ, ಹೊರಗಿನ ಬಟ್ಟೆ ಮಾತ್ರ ಹೊಸದರಂತೆ ಕಾಣುತ್ತಿರುತ್ತದೆ. ಅಗಲ ಹ್ಯಾಂಗರಿಗೆ ತೂಗಿಸಿ. ಹೊಸದು ಬಂದಾಗಲೂ ಆಮೇಲೆ ವರ್ಷಕ್ಕೊಮ್ಮೆಯಾದರೂ ಫ್ಲೋರೋಸ್ಕೋಪಿ (ನೇರ ಎಕ್ಸ್-ರೇ ದೃಶ್ಯ) ಅಡಿ ಹಾಸಿ ಬಿರುಕು ನೋಡಿ, ದಿನಾಂಕ ಬರೆದಿಡಿ.

ಥೈರಾಯ್ಡ್ ಕಾಲರ್ ಕುತ್ತಿಗೆಗೆ ತಾಗುವಂತಿರಲಿ, ಇಳಿಬಿದ್ದ ಕಾಲರಿಂದ ಪ್ರಯೋಜನವಿಲ್ಲ. ಮೇಲಿನಿಂದ ತೂಗುವ ಪರದೆಯನ್ನು ರೋಗಿಗೂ ನಿಮ್ಮ ಮುಖಕ್ಕೂ ನಡುವೆ, ರೋಗಿಗೆ ಹತ್ತಿರವಾಗಿ ಎಳೆದುಕೊಳ್ಳಿ. ಮೂಲೆಗೆ ತಳ್ಳಿಟ್ಟ ಪರದೆಗಳೇ ಜಾಸ್ತಿ! ಸೀಸದ ಕನ್ನಡಕದ ಬದಿಗಳೂ ಮುಚ್ಚಿರಬೇಕು, ಏಕೆಂದರೆ ನೀವು ನೋಡುವುದು ಮಾನಿಟರನ್ನು, ವಿಕಿರಣ ಬರುವುದು ಬದಿಯಿಂದ ಮತ್ತು ಕೆಳಗಿನಿಂದ. ಕಣ್ಣಿನ ಮಸೂರದ ವಾರ್ಷಿಕ ಮಿತಿಯನ್ನು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲಿ 150 ಮಿಲಿಸೀವರ್ಟಿನಿಂದ (ವಿಕಿರಣ ಡೋಸಿನ ಅಳತೆ) 20ಕ್ಕೆ ಇಳಿಸಿದ್ದು ಪೊರೆಯ ಭಯದಿಂದಲೇ. ಆಯೋಗದ ಪ್ರಕಾರ ಇಡೀ ದೇಹದ ಮಿತಿಯೂ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20. ಯಾವ ಒಂದು ವರ್ಷದಲ್ಲೂ 50 ದಾಟಬಾರದು. ಕೈಗಳಿಗೆ 500.

ಮೈಗೆ ತಗಲಿದ ಡೋಸ್ ಅಳೆಯುವ ಬ್ಯಾಡ್ಜ್ ಒಂದೇ ಇದ್ದರೆ ಏಪ್ರನ್ ಒಳಗೋ ಹೊರಗೋ ಎಂಬುದನ್ನು ವಿಕಿರಣ ಸುರಕ್ಷತಾ ಅಧಿಕಾರಿ ಹೇಳಿದಂತೆ ಧರಿಸಿ, ದಿನಕ್ಕೊಂದು ಜಾಗ ಮಾಡಬೇಡಿ. ಎರಡಿದ್ದರೆ ಒಂದು ಏಪ್ರನ್ ಒಳಗೆ ಎದೆಯ ಬಳಿ, ಇನ್ನೊಂದು ಕಾಲರ್ ಮೇಲೆ ಹೊರಗೆ. ಅದಲುಬದಲಾದರೆ ವರದಿಯೇ ಸುಳ್ಳಾಗುತ್ತದೆ. ಏಪ್ರನ್‌ನಲ್ಲೇ ಸಿಕ್ಕಿಸಿ ಕೊಠಡಿಯಲ್ಲಿ ಬಿಟ್ಟುಹೋದ ಬ್ಯಾಡ್ಜ್ ನೀವು ಮನೆಯಲ್ಲಿದ್ದಾಗಲೂ ಡೋಸ್ ದಾಖಲಿಸುತ್ತದೆ. ಇದಕ್ಕಿಂತ ಕೆಟ್ಟದ್ದು, ಅಂಕಿ ಹೆಚ್ಚಾದೀತೆಂದು ಡ್ರಾಯರಿನಲ್ಲಿಡುವುದು. ನಿಮಗೇ ಎಕ್ಸ್-ರೇ ತೆಗೆಯುವಾಗ ಬ್ಯಾಡ್ಜ್ ಬಿಚ್ಚಿಡಿ.

ಗರ್ಭಿಣಿ ಎಂದು ಗೊತ್ತಾದ ಕೂಡಲೇ ತಿಳಿಸಿ: ತಿಳಿಸಿದ ಬಳಿಕ ಉಳಿದ ಅವಧಿಗೆ ಭ್ರೂಣದ ಮಿತಿ 1 ಮಿಲಿಸೀವರ್ಟ್, ಅದನ್ನು ಅಳೆಯಲು ಏಪ್ರನ್ ಒಳಗೆ ಹೊಟ್ಟೆಯ ಮಟ್ಟದಲ್ಲಿ ಇನ್ನೊಂದು ಬ್ಯಾಡ್ಜ್ ಬೇಕು.

ಏಪ್ರನ್ ಮೇಲಿನ ಈ ಭರವಸೆಯನ್ನು ಪಿಇಟಿ ವಿಭಾಗಕ್ಕೆ (ವಿಕಿರಣಶೀಲ ಔಷಧ ಚುಚ್ಚಿ ಸ್ಕ್ಯಾನ್ ಮಾಡುವಲ್ಲಿಗೆ) ಒಯ್ಯಬೇಡಿ. ಅಲ್ಲಿನ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣವನ್ನು ಅರ್ಧಕ್ಕೆ ಇಳಿಸಲೇ ನಾಲ್ಕು ಮಿ.ಮೀ.ಗೂ ಹೆಚ್ಚು ಸೀಸ ಬೇಕು. ಏಪ್ರನ್ ತೊಟ್ಟವರು ಭಾರ ಹೊತ್ತು ನಿಧಾನವಾಗುತ್ತಾರೆ, ಧೈರ್ಯದಿಂದ ಹತ್ತಿರವೂ ನಿಲ್ಲುತ್ತಾರೆ. ಅಲ್ಲಿ ಕೆಲಸಕ್ಕೆ ಬರುವುದು ಸಿರಿಂಜಿಗೆ ಟಂಗ್‌ಸ್ಟನ್ ಕವಚ, ಚುರುಕಾದ ಕೈ, ಮತ್ತು ರೋಗಿಗೆ ಹೇಳಬೇಕಾದ್ದನ್ನೆಲ್ಲ ಇಂಜೆಕ್ಷನ್‌ಗೆ ಮೊದಲೇ ಹೇಳಿ ಮುಗಿಸುವುದು.